ಮೂರಕ್ಕೂ ಒಂಬತ್ತಕ್ಕೂ

ಉಲಾನ್‌ಬಾತರಿನ ಅಂಚು, ಕಲ್ಲಿದ್ದಲ ಹೊಗೆಯ ಓಣಿ.
ಮೈನಸ್ ಇಪ್ಪತ್ತೆಂಟು ಅನ್ನುತ್ತದೆ ಫೋನು, ಇನ್ನೂ ಸಂಜೆ ಐದು.
ಬಾನೆಟ್ಟಿನೊಳಗೆ ತಲೆಯಿಟ್ಟೇ ಕೇಳಿದ ಗೊಂಬೋಸುರೆನ್:
"ಎಷ್ಟು ಬಿಳಿ ಬೇಕು ನಿನಗೆ?"

ಬಟ್ಟೆಯಂಗಡಿಯವನ ಹಾಗೆ ಒಂದೊಂದೇ ಡಬ್ಬಿ ಬಿಚ್ಚಿ ಹರಡಿದ.
ಇದು ಆರೂವರೆ ಸಾವಿರ, ಹುಡುಗರು ಒಯ್ಯುವುದು, ನೀಲಿಗೆ ತಿರುಗಿದ್ದು,
ಹಿಮಕ್ಕೆ ಬಿಟ್ಟರೆ ಹಿಮವೇ ತಿರುಗಿ ನಿನ್ನ ಕಣ್ಣಿಗೆ ಬೀಳುತ್ತದೆ.
ಇದು ಐದು. ಇದು ನಾಲ್ಕು ಸಾವಿರದ ಮುನ್ನೂರು,
ಬೆಣ್ಣೆ ಕಾಯಿಸುವಾಗ ಒಂದು ಗಳಿಗೆ ಬರುತ್ತದಲ್ಲ, ಆ ಬಣ್ಣ.
"ಡಬ್ಬಿಯ ಮೇಲಿನ ಅಂಕಿ ನಂಬಬೇಡ, ದುಲ್ಮಾ.
ಇಪ್ಪತ್ತು ಸಾವಿರ ಲ್ಯೂಮೆನ್ ಅಂತ ಬರೆಯುವುದಕ್ಕೆ
ಶಾಯಿ ಇದ್ದರೆ ಸಾಕು."

ನನಗೆ ಬೇಕಾದದ್ದು ಬಿಳಿಯಲ್ಲ.
ಅರ್ವೈಖೇರ್ ದಾರಿಯಲ್ಲಿ ಕಪ್ಪು ಕುದುರೆಯೊಂದು
ತಾಗುವ ಮೊದಲೇ ಕುದುರೆಯಾಗಿ ಕಂಡರೆ ಸಾಕು.
ಹೋದ ನವೆಂಬರಿನಲ್ಲಿ ಎದುರಿನ ಲಾರಿ ಎರಡು ಸೂರ್ಯರನ್ನು ಹೊತ್ತು ಬಂದು
ನನ್ನ ದಾರಿಯನ್ನು ಒರೆಸಿ ಹಾಕಿತು,
ನಾಲ್ಕು ಎಣಿಸುವಷ್ಟು ಹೊತ್ತು. ಮೂರಕ್ಕೆ ಏನೋ ತಾಗಿತು.
ಇಳಿದು ನೋಡಿದೆ: ಪಕ್ಕದ ಕನ್ನಡಿ ಮುರಿದಿತ್ತು, ಬಿರುಕಿನಲ್ಲಿ ಬಾಲದ ಕೂದಲು.
ಕುದುರೆ ಇರಲಿಲ್ಲ.
ಅದರ ಉಸಿರಿನ ಹಬೆ ಮಾತ್ರ ಇನ್ನೂ ಅಲ್ಲೇ ನಿಂತಿತ್ತು.

ಹಳೆಯ ಹ್ಯಾಲೊಜನ್ ಬಲ್ಬನ್ನು ಕಾಗದದಲ್ಲಿ ಹಿಡಿದು ತೆಗೆದ.
ಒಳಗೆ ತಂತಿಯ ಸುರುಳಿ, ಅಕ್ಕಿಕಾಳಿನಷ್ಟು.
"ಈ ಹೊಳೆಯುವ ಬೋಗುಣಿ ಹುಟ್ಟಿದ್ದೇ ಆ ತಂತಿಯನ್ನು ನಂಬಿ.
ಹೊಸದರ ಚುಕ್ಕೆ ಸರಿಯಾಗಿ ಅಲ್ಲೇ ಕೂರಬೇಕು.
ಕೂದಲೆಳೆ ಜರುಗಿದರೂ ಬೆಳಕು ದಾರಿ ಬಿಟ್ಟು ಹಕ್ಕಿ ಹುಡುಕುತ್ತದೆ."
ತೂರಿಸಿ, ತಿರುಗಿಸಿ, ನಾಲಗೆ ಕಚ್ಚಿಕೊಂಡು ಇನ್ನಷ್ಟು ತಿರುಗಿಸಿದ,
ಎರಡು ಮಗ್ಗುಲಿನ ಚಿಪ್ಪುಗಳು
ಗಡಿಯಾರದ ಮೂರಕ್ಕೂ ಒಂಬತ್ತಕ್ಕೂ ಮುಖ ಮಾಡುವವರೆಗೆ.
ಹಿಂದಿನ ಫ್ಯಾನಿಗೆ ರಬ್ಬರು ಮುಚ್ಚಳ ಹಿಡಿಸಲಿಲ್ಲ. ಬೈದ. ಕೊರೆದ.
ಹತ್ತಲಿಲ್ಲ. ಪ್ಲಗ್ಗು ತಿರುವಿ ಹಾಕಿದ.
ಹತ್ತಿತು.

ಗೋದಾಮಿನ ಗೋಡೆಗೆ ಮುಖ ಮಾಡಿ ಎಂಟು ಹೆಜ್ಜೆ ಹಿಂದೆ ನಿಲ್ಲಿಸಿದೆವು.
ಬೆಳಕಿನ ಅಂಚು ಬಲಕ್ಕೆ ನೇರ, ಎಡಕ್ಕೆ ಹೆಗಲೆತ್ತಿದೆ.
ಜಪಾನಿನ ಕಾರು. ಅಲ್ಲಿ ರಸ್ತೆಯ ಎಡಕ್ಕೆ ಓಡಿಸುತ್ತಾರೆ,
ಎಡಕ್ಕೆ ಗದ್ದೆಯ ಬದು, ಊರಿನ ಫಲಕ, ಮನೆಗೆ ನಡೆಯುವ ಮುದುಕ.
ಇಲ್ಲಿ ಎಡಕ್ಕೆ ಇರುವುದು ಎದುರು ಬರುವವನ ಕಣ್ಣು.
ಹನ್ನೊಂದು ವರ್ಷವಾಯಿತು ಇದು ಹಡಗಿಳಿದು,
ಇವತ್ತಿಗೂ ಆ ಮುದುಕನಿಗೇ ದೀಪ ಹಿಡಿಯುತ್ತಿದೆ.

"ಹಾಗಾದರೆ ಆ ಲಾರಿಯವನಿಗೆ ನಾನೂ..."
"ಹ್ಞೂಂ" ಅಂದ. ತಲೆಯೆತ್ತಲಿಲ್ಲ.

ಈ ಕಡೆಯ ರಸ್ತೆಗೆ ಮಾಡಿದ ಬೇರೆ ದೀಪದ ಮನೆಯೇ ಬೇಕಂತೆ.
ಬೆಲೆ ಹೇಳಿದ. ಇಬ್ಬರೂ ನಕ್ಕೆವು.
ಕರಿ ಟೇಪು ಹರಿದು ಗಾಜಿನ ಮೇಲೆ ಮುಕ್ಕೋನ ಅಂಟಿಸಿದ,
ತಿರುಪು ಇಳಿಸಿದ.
ಗೋಡೆಯ ಮೇಲೆ ಎತ್ತಿದ ಹೆಗಲು ತಗ್ಗಿತು,
ಕಾಸು ಕೊಟ್ಟು ಕೊಂಡ ಬೆಳಕಿನಲ್ಲಿ
ಒಂದು ಹೋಳು ಯಾರಿಗೋ ಬಿಟ್ಟುಕೊಟ್ಟ ಹಾಗೆ.

ಬೆಳಗಿನ ಜಾವ ಐದು ಜನರನ್ನು ತುಂಬಿಕೊಂಡು ಹೊರಟೆ.
ಅತ್ತೆ ಸೌಟಿನಲ್ಲಿ ಹಾಲು ಚಿಮುಕಿಸಿದರು, ದಾರಿ ಬೆಳ್ಳಗಿರಲಿ ಎಂದು.
ಬೆಳ್ಳಗೇ ಇತ್ತು. ಲುನ್ ದಾಟುವಷ್ಟರಲ್ಲಿ ಹಿಮ ಅಡ್ಡಡ್ಡ ಬೀಸಿತು,
ಬೆಣ್ಣೆಯ ಬಣ್ಣ ಮೆಲ್ಲಗೆ ಮಜ್ಜಿಗೆಯಾಯಿತು, ಆಮೇಲೆ ಏನೂ ಇಲ್ಲ.
ಇಳಿದೆ. ಗಾಜಿನ ಮೇಲೆ ಹಿಮ ಹೆಪ್ಪುಗಟ್ಟಿ ಕೂತಿತ್ತು.
ಹಳೆಯದು ಮಂಕು, ಆದರೆ ಸುಡುತ್ತಿತ್ತು,
ತನ್ನ ಮೇಲೆ ಬಿದ್ದದ್ದನ್ನು ತಾನೇ ಕರಗಿಸಿಕೊಳ್ಳುತ್ತಿತ್ತು.
ಇದಕ್ಕೆ ಎಷ್ಟೊಂದು ಕಣ್ಣು. ಮೈ ಮಾತ್ರ ತಣ್ಣಗೆ.
ಅದನ್ನು ಗೊಂಬೋಸುರೆನ್ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೈಗವಸು ಕಳಚಿ ಅಂಗೈ ಒತ್ತಿ ಹಿಡಿದೆ.
ಎದುರಿನಿಂದ ಲಾರಿಯೊಂದು ಬಂತು, ದೀಪ ಚುಚ್ಚದೆ, ಹಾರ್ನು ಹಾಕದೆ
ಹಾದು ಹೋಯಿತು.
ಗಾಜು ಅಷ್ಟಷ್ಟೇ ಬಿಟ್ಟುಕೊಟ್ಟಿತು. ಬೆರಳುಗಳ ಸಂದು
ಕೆಂಪಗೆ ಹೊತ್ತಿಕೊಂಡಿತು.
ಟೇಪಿನ ಅಂಚಿನಲ್ಲಿ ಅತ್ತೆಯ ಹಾಲಿನ ಒಂದು ಹನಿ, ಕಲ್ಲಾಗಿತ್ತು.
ಅದನ್ನು ಒರೆಸಲಿಲ್ಲ.