ಹಾನಿ ಡಾಕ್ಟರ ಚೀಟಿ

ಹದಿನೇಳು ವರ್ಷ ಉಕ್ಕಿನೊಳಕ್ಕೆ ಶಬ್ದ ಕಳಿಸಿದವನು ನಾನು,
ಸೊಹಾರಿನ ರಿಫೈನರಿಯಲ್ಲಿ.
ಪೈಪಿಗೆ ಜೆಲ್ ಬಳಿದು, ಪ್ರೋಬ್ ಒತ್ತಿ,
ಪರದೆಯಲ್ಲಿ ಗೆರೆ ಎದ್ದರೆ ಅಲ್ಲೇ
ಹಳದಿ ಚಾಕ್‌ಪೀಸಿನ ಒಂದು ಸುತ್ತು:
ಇಲ್ಲಿ ಬಿರುಕು.
ಅಲ್ಲಿಗೆ ನನ್ನ ಕೆಲಸ ಮುಗಿಯಿತು.
ಉಜ್ಜುವವರು, ಬೆಸೆಯುವವರು ಬೇರೆ.

ಈಗ ಮಸ್ಕತ್ತಿನಲ್ಲಿ ಮಲಗಿದ್ದೇನೆ,
ಪೈಪು ನಾನೇ.
ಸೊಂಟದ ಎಲುಬಿಗೆ ಕಾಯಿಲೆ ಇಳಿದು ಎಂಟು ತಿಂಗಳು.
ಮೇರಿಸೆಲ್ ಸಿಸ್ಟರ್ ಬಳಿದ ಜೆಲ್ ತಣ್ಣಗೆ,
ಆಗಸ್ಟಿನಲ್ಲಿ ಫೋರ್‌ಮನ್ ಕಣ್ಣು ತಪ್ಪಿಸಿ
ಕುತ್ತಿಗೆಗೆ ಸವರಿಕೊಳ್ಳುತ್ತಿದ್ದೆವಲ್ಲ, ಹಾಗೆಯೇ.

ಡಾಕ್ಟರ ಹೆಸರು ಹಾನಿ.
ಕೇಳಿದಾಗ ಎದೆ ಧಸಕ್ಕೆಂದಿತ್ತು.
ಅರಬ್ಬಿಯಲ್ಲಿ ಸಂತೋಷ ಅಂತ ಅರ್ಥವಂತೆ,
ಬರ್ಕಾ ದಾಟುವಾಗ ಡ್ರೈವರ್ ದಾದ್ ಕರೀಂ ಹೇಳಿದ.
ಇರಲಿ.

"ಶಬ್ದ ಸಾವಿರ ಕಡೆಯಿಂದ ಹೋಗುತ್ತದೆ," ಅಂದರು ಹಾನಿ,
"ಒಂದೊಂದೂ ಪಾಪದ್ದು, ಚರ್ಮಕ್ಕೆ ಗೊತ್ತೇ ಆಗದು.
ಸೇರಿದಲ್ಲಿ ಮಾತ್ರ ಬೆಂಕಿ."
ನಮ್ಮ ಕ್ಯಾಂಪಿನ ಚೀಟಿಯೂ ಹಾಗೆಯೇ, ಅಂದೆ.
ತಲಾ ಹತ್ತು ರಿಯಾಲ್, ಯಾರ ಜೇಬೂ ಸುಡುವುದಿಲ್ಲ,
ಒಟ್ಟಾದಲ್ಲಿ ಒಬ್ಬನ ಮನೆಗೆ ತಾರಸಿ.
ಅವರಿಗೆ ತಿಳಿಯಲಿಲ್ಲ. ನಕ್ಕರು.

ಈ ತಿಂಗಳ ಚೀಟಿ ಎತ್ತಿದವನು ಬೊನಿಫಾಸ್.
ಸುರುಳಿ ಬಿಚ್ಚಿ, ತನ್ನ ಹೆಸರು ನೋಡಿ,
ಗಟ್ಟಿಯಾಗಿ ಓದಿದ್ದು: ಇದ್ದಿನಬ್ಬ.
ಕಾಗದ ಬಾಯಿಗೆ ಹಾಕಿ ಜಗಿದುಬಿಟ್ಟ.

ಕೈಗೊಂದು ಗುಂಡಿ ಕೊಟ್ಟಿದ್ದಾರೆ:
ತಡೆಯಲಾಗದಿದ್ದರೆ ಒತ್ತು, ನಿಲ್ಲುತ್ತದೆ.
ಯಾವ ಪೈಪಿಗೂ ನಾನಿದನ್ನು ಕೊಟ್ಟಿರಲಿಲ್ಲ.

ಇಪ್ಪತ್ತು ಸೆಕೆಂಡು ಕಾವು. ಆಮೇಲೆ ಆರಲು ಬಿಡುತ್ತಾರೆ.
ಮತ್ತೆ ಇಪ್ಪತ್ತು.
ಪರದೆ ಆಚೆ ಕೋಣೆಯಲ್ಲಿ, ನನಗೆ ಕಾಣದು.
ಒಳಗಿನ ಮಡಿಕೆಗೆ ಯಾರೋ ಇಸ್ತ್ರಿ ಇಟ್ಟು ತೆಗೆದ ಹಾಗೆ,
ಮೇಲಿನ ಬಟ್ಟೆ ಬೆಚ್ಚಗೂ ಆಗದೆ.
ಹದಿನಾಲ್ಕನೆಯ ಸಲ ಗುಂಡಿ ಒತ್ತಿದೆ.
ನಿಂತಿತು.
"ನೋವೇ?" ಕಿವಿಯೊಳಗೆ ಹಾನಿ.
"ಅಲ್ಲ ಡಾಕ್ಟರ್, ಟೆಸ್ಟಿಂಗ್."

ಕಾಯಿಲೆ ಹೋಯಿತೆಂದು ಅವರು ಹೇಳಲಿಲ್ಲ.
ನೋವು ಹೇಳುವ ನರ ಸುಟ್ಟಿದೆ, ಎರಡು ವಾರ ನೋಡೋಣ, ಅಂದರು.
ನಾಲ್ಕನೆಯ ದಿನ ಬಗ್ಗಿ ಬೂಟಿನ ಲೇಸ್ ಕಟ್ಟಿದೆ,
ಕಟ್ಟಿದ್ದನ್ನು ಬಿಚ್ಚಿ ಮತ್ತೊಮ್ಮೆ ಕಟ್ಟಿದೆ.

ಕ್ಯಾಂಪಿನ ಬಾತ್‌ರೂಮಿನ ಕನ್ನಡಿಗೆ ಸೊಂಟ ತಿರುಗಿಸಿದರೆ
ಗಾಯವಿಲ್ಲ, ಹೊಲಿಗೆಯಿಲ್ಲ.
ನಿನ್ನ ದುಡ್ಡು ಇಲ್ಲಿ ಹೋಯಿತು ಮಾರಾಯ ಅಂತ
ಬೊನಿಫಾಸನಿಗೆ ತೋರಿಸಲು ಒಂದು ಗೀರೂ ಇಲ್ಲ.
ಡ್ಯೂಟಿ ಪ್ಯಾಂಟಿನ ಜೇಬು ತಡಕಿ
ಹಳದಿ ತುಂಡು ಹುಡುಕಿ
ಚರ್ಮದ ಮೇಲೆ ಒಂದು ಸುತ್ತು ಹಾಕಿ
ಬಾಗಿಲು ತೆರೆದೆ.