ಚಿಲ್ಲರೆ

ಟೊಲೀಡೊ ಊರು, ಡಾರ್ ರಸ್ತೆ, ಒರ್ಲೀಥಾ ಪ್ರೂಯಿಟ್ಟಳ ಲಾಂಡ್ರಿ.
ಮೇಲೆ ಹದಿನಾಲ್ಕು ಯಂತ್ರ, ಮೂರು ಕೆಟ್ಟು ಕೂತಿವೆ.
ಕೆಳಗೆ ನೆಲಮಾಳಿಗೆಯಲ್ಲಿ ಎಂಟು ಟ್ರ್ಯಾಕಿನ ರೆಕಾರ್ಡರು,
ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಹಳೇ ಹಾಸಿಗೆ,
ನಾನು,
ಮತ್ತು ತಮಗೆ ತಾವೇ ‘ಮೂರನೇ ಪಾಳಿ’ ಎಂದು ಹೆಸರಿಟ್ಟುಕೊಂಡವರು:
ನೆಲ್‌ವೀಟಾ, ಟವಾರಿಸ್, ಲೆವೆಸ್ಟರ್.
ಲೆವೆಸ್ಟರ್ ಮಾತ್ರ ಮ್ಯಾನ್ಸ್‌ಫೀಲ್ಡಿನ ಜೈಲಿನಲ್ಲಿದ್ದ.

ತೊಂಬತ್ತನಾಲ್ಕರ ಚಳಿಗಾಲ. ರಾತ್ರಿ ಹನ್ನೊಂದಾಗದೆ
ಮೈಕು ತೆರೆಯುವಂತಿಲ್ಲ. ಮೇಲೆ ಡ್ರೈಯರು ತಿರುಗುವಾಗ
ಯಾರದೋ ಬೆಲ್ಟಿನ ಬಕಲು ಟಣ್ ಟಣಟಣ್ ಎಂದು
ಸೀದಾ ಟೇಪಿಗೇ ಇಳಿಯುತ್ತಿತ್ತು.
ಇರಲಿ ಬಿಡು, ಇದೇ ನಮ್ಮ ಡ್ರಮ್ಮು, ಅಂದಳು ನೆಲ್‌ವೀಟಾ.
ಒಂದು ವಾರ ಒದ್ದಾಡಿದೆವು.
ಬಕಲಿಗೆ ತಾಳ ಗೊತ್ತಿಲ್ಲ.

ಆರ್ಗನ್ನಿನ ತುಣುಕೊಂದು ಸಿಕ್ಕಿದ್ದು ಒರ್ಲೀಥಾಳ ರೆಕಾರ್ಡಿನ ಕಟ್ಟಿನಲ್ಲಿ.
ಎಪ್ಪತ್ತೆರಡರಲ್ಲಿ ಅವಳ ಚರ್ಚಿನವರು ಹಾಡಿ ಒತ್ತಿಸಿದ್ದು,
ಇನ್ನೂರೇ ಪ್ರತಿ.
ನಾಲ್ಕು ಸೆಕೆಂಡು ಕತ್ತರಿಸಿ ಸುತ್ತು ಹಾಕಿಸಿದೆ.
ಇಳಿದು ಬಂದಳು, ಕೈಯಲ್ಲಿ ಯಾರದೋ ಒಂಟಿ ಕಾಲುಚೀಲ.
ನಿಂತು ಕೇಳಿದಳು. “ತೆಗೆ ಅದನ್ನ.”
ಯಾವುದನ್ನ?
“ಆ ಕೆಮ್ಮು. ನನ್ನದು. ಮೂರನೇ ಸಾಲು, ಎಡಗಡೆ.
ಇಪ್ಪತ್ತೆರಡು ವರ್ಷ ಯಾರಿಗೂ ಹೇಳಿರಲಿಲ್ಲ.”
ತೆಗೆಯಲು ಬರಲಿಲ್ಲ; ಆರ್ಗನ್ನಿನ ಸ್ವರಕ್ಕೇ ಅಂಟಿಕೊಂಡಿತ್ತು.
ಹೀಗಾಗಿ ಎರಡನೇ ಹಾಡಿನಲ್ಲಿ ಅವಳು
ಅರವತ್ತು ಸಲ ಕೆಮ್ಮುತ್ತಾಳೆ.

ಲೆವೆಸ್ಟರನ ಪಾಲು ಫೋನಿನಲ್ಲಿ ಬರಬೇಕು.
ಹದಿನೈದು ನಿಮಿಷ. ಕಾಸು ಈ ಕಡೆಯವರದ್ದು.
ಈ ಲಾಂಡ್ರಿಯದೂ ಸೇರಿ ಆರು ಅಂಗಡಿಯ ನಾಣ್ಯದ ಪೆಟ್ಟಿಗೆ
ಒಡೆದು ಒಳಗೆ ಹೋದವನು ಅವನು.
ಬಿಲ್ಲು ಕಟ್ಟಿದ್ದೂ ಅದೇ ಪೆಟ್ಟಿಗೆ.
ಯಾಕೆ ಅಂತ ಕೇಳಿದರೆ ಒರ್ಲೀಥಾ:
“ಸಾಲಗಾರನ ಹತ್ತಿರ ಮಾತು ಬಿಡಬಾರದು.”
ಜೈಲಿನ ಫೋನು ಹಗಲಲ್ಲೇ. ಅಷ್ಟು ಹೊತ್ತು ಅವಳು
ಎಲ್ಲ ಯಂತ್ರದ ಸ್ವಿಚ್ಚು ಆರಿಸುತ್ತಿದ್ದಳು.
ನೊರೆಯಲ್ಲಿ ನಿಂತ ಬಟ್ಟೆ, ಬೆಂಚಿನ ಮೇಲೆ ಗೊಣಗುವ ಹೆಂಗಸರು.

ಅವನಿಗೆ ನಮ್ಮ ತಾಳ ಕೇಳಿಸುವಂತಿರಲಿಲ್ಲ.
ಬೆನ್ನ ಹಿಂದೆ ಸಾಲುಗಟ್ಟಿದವರ ಬೈಗುಳ, ಬಾಗಿಲ ಸದ್ದು.
ಮೊದಲೆರಡು ಸಲ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡಿದ.
ಮೂರನೆಯ ಮಂಗಳವಾರ ನಿಧಾನವಾದ.
ತಾಯಿಯ ಕೋಟು, ಅದರ ಹರಿದ ಒಳಜೇಬು,
ಜೇಬಿನಿಂದ ಅಸ್ತರಿನೊಳಕ್ಕೆ ಜಾರಿದ ನಾಣ್ಯಗಳು,
ನಡೆದರೆ ಮೊಣಕಾಲ ಹತ್ತಿರ ಸದ್ದು ಮಾಡುವ,
ಖರ್ಚಿಗೆ ಸಿಗದ ಹಣ.
ಅಷ್ಟರಲ್ಲಿ ಯಂತ್ರದ ಹೆಂಗಸು: ಒಂದು ನಿಮಿಷ ಉಳಿದಿದೆ.
ನಿಲ್ಲಿಸಲಿಲ್ಲ, ಅವಳ ಮಾತಿನ ಮೇಲೇ ಹೇಳುತ್ತ ಹೋದ,
ಕೊನೆಯ ಪ್ರಾಸಕ್ಕೆ ಬಾಯಿ ತೆರೆದ,
ಫೋನು ಸತ್ತಿತು.

ಎಲ್ಲ ಕಡೆ ದನಿ ತಾಳದ ಹಿಂದೆ ಹೋಗುತ್ತದೆ.
ನಾನು ತಾಳವನ್ನು ಅವನ ಉಸಿರಿನ ಹಿಂದೆ ನಡೆಸಿದೆ,
ಒಂದೊಂದು ಪೆಟ್ಟನ್ನೂ ಕೈಯಾರೆ ಇಟ್ಟು, ಹನ್ನೊಂದು ರಾತ್ರಿ.
ಟವಾರಿಸ್ ಜಗಳ ತೆಗೆದ: ಆ ಪದ ನಾನು ತುಂಬುತ್ತೇನೆ,
ಏನು ಮಹಾ.
ನೆಲ್‌ವೀಟಾ ಅವನ ಮೈಕಿನ ತಂತಿ ಕಿತ್ತು
ಮಡಿಲಲ್ಲಿಟ್ಟುಕೊಂಡು ಕೂತಳು.

ಆಲ್ಬಮ್ಮಿಗೆ ‘ಚಿಲ್ಲರೆ’ ಎಂದು ಹೆಸರಿಟ್ಟೆವು.
ಸಾಲ ಕೇಳಲು ಹೋದಾಗ ಬ್ಯಾಂಕಿನವನು ನಮ್ಮನ್ನು
ಅಡಿಯಿಂದ ಮುಡಿಯವರೆಗೆ ನೋಡಿ ಅಂದುಕೊಂಡದ್ದೂ ಅದೇ ಇರಬೇಕು.
ಐನೂರು ಕ್ಯಾಸೆಟ್ಟು. ಕಾರಿನ ಡಿಕ್ಕಿಯಿಂದ ಮುನ್ನೂರು ಹೋದವು,
ಉಳಿದವು ಲಾಂಡ್ರಿಯಲ್ಲಿ, ಸೋಪಿನ ಪುಡಿಯ ಪಕ್ಕ.
ಆ ಖಾಲಿ ಜಾಗ ಬಂದಾಗ ಊರ ಹುಡುಗರು
ಗಾಜಿಳಿಸಿ ತಂತಮ್ಮ ಪದ ಕೂಗುತ್ತಿದ್ದರು.

ತೊಂಬತ್ತೇಳರಲ್ಲಿ ಹೊರಗೆ ಬಂದವನನ್ನು ಕೇಳಿದೆ, ಏನಿತ್ತು ಆ ಪದ?
ಕೆಟ್ಟ ಯಂತ್ರದ ಹಿಂದೆ ಮಂಡಿಯೂರಿದ್ದ, ಬಾಯ್ತುಂಬ ಸ್ಕ್ರೂ;
ಸಾಲ ತೀರಿಸಲು ಒರ್ಲೀಥಾ ಹಚ್ಚಿದ ಕೆಲಸ.
ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡು,
“ಫೋನು ಕಟ್ಟಾಗುತ್ತೆ ಅಂತ ಗೊತ್ತಿತ್ತಲ್ಲ,” ಅಂದ,
“ಅದಕ್ಕೇ ಹುಡುಕಿರಲಿಲ್ಲ.”
ಆಮೇಲೆ ಎಣಿಸಿದ. ಏಳು.
ಎಂಟಿರಬೇಕಿತ್ತು.