ಎಡಕ್ಕೆ

ಮಾರ್ಕೆಟ್ ರಸ್ತೆಯ ವೈನ್ ಶಾಪಿನಲ್ಲಿ
ಕ್ವಾರ್ಟರಿನವರ ಮೊಣಕೈಗಳ ನಡುವೆ ನುಗ್ಗಿ
‘ಪೋರ್ಟ್ ತೋರಿಸಪ್ಪ’ ಅಂದರೆ
ಹುಡುಗ ಕೇಳುತ್ತಾನೆ: ‘ಯಾಕಜ್ಜ, ಮನೇಲಿ ಬಾಣಂತಿಯಾ?’
ಸುತ್ತ ನಗು.

ಅಲ್ಲ ಮಾರಾಯ. ನನ್ನ ಹೆಂಡತಿಗೆ ಮದುವೆಯಾಗಿ
ಇವತ್ತಿಗೆ ನಲವತ್ತು ವರ್ಷ.
ನನಗೂ.

ಮೂರು ಬಾಟಲಿ ಇಟ್ಟ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ.
ಒಂದು ಕೆಮ್ಮಿನ ಸಿರಪ್ಪಿನ ಕೆಂಪು. ಬೇಡ.
ಒಂದನ್ನು ಯಾರೋ ಬಿಸಿಲಲ್ಲಿಟ್ಟಿದ್ದಾರೆ,
ಮುಚ್ಚಳದ ಸುತ್ತ ಅಂಟು ಬೆವರಿದೆ. ಬೇಡ.
ಮೂರನೆಯದನ್ನು ಓರೆ ಮಾಡಿದರೆ
ಗಾಜಿನ ಒಳಮೈ ತಬ್ಬಿ,
ಇಳಿಯಲೋ ಬೇಡವೋ ಎಂದು ಇಳಿಯಿತು,
ಹದ ಬಂದ ಜೋನಿಬೆಲ್ಲದ ಹಾಗೆ.
‘ಇದನ್ನ ಕಟ್ಟು.’
‘ಎಲ್ಲಾ ಒಂದೇ ಅಜ್ಜ, ಲೇಬಲ್ ಬೇರೆ ಅಷ್ಟೆ.’

ಒಂದೇ ಅಲ್ಲ ಮಗ.
ಆಲ್ದೂರಿನಾಚೆಯ ಕ್ಲಬ್ಬಿನಲ್ಲಿ ಮೂವತ್ತೊಂದು ವರ್ಷ ಬೇರರ್ ನಾನು.
ಊಟ ಮುಗಿದು, ಮೇಜಿನ ಬಟ್ಟೆ ತೆಗೆದ ಮೇಲೆ
ಡೊಳ್ಳುಹೊಟ್ಟೆಯ ಗಾಜಿನ ಹೂಜಿ ಬರುತ್ತಿತ್ತು,
ಕೈಯಿಂದ ಕೈಗೆ ಎಡಕ್ಕೇ ಸಾಗಬೇಕು, ಎಡಕ್ಕೇ.
ಎಡಗೈಲಿ ಏನೂ ಕೊಡಬಾರದೆಂದು
ಅಜ್ಜಿಯಿಂದ ಪೆಟ್ಟು ತಿಂದು ಬೆಳೆದವನಿಗೆ
ಅದೊಂದು ಅಭ್ಯಾಸವಾಗಲು ಆರು ತಿಂಗಳು.

ದೊರೆಗಳ ಕಾರುಗಳು ತಿರುವು ದಾಟಿದ ಮೇಲೆ
ಗ್ಲಾಸಿನ ತಳದಲ್ಲಿ ಎರಡು ಹನಿ, ಮೂರು ಹನಿ.
ಪ್ಯಾಂಟ್ರಿಯ ಬಾಗಿಲ ಹಿಂದೆ ಕತ್ತೆತ್ತಿ ನಿಂತು
ನಾಲಿಗೆಗೆ ಬೀಳಿಸಿಕೊಂಡೇ ಕಲಿತದ್ದು ನಾನು:
ಒಣದ್ರಾಕ್ಷಿ, ಕರಗಿ ಕರಿಯಾದ ಸಕ್ಕರೆ, ಹಳೇ ಬೀರುವಿನ ಮರ,
ಕೊನೆಗೆ ಗಂಟಲಲ್ಲೊಂದು ಸಣ್ಣ ಕೆಂಡ.
ಯಾರಿಗೂ ಹೇಳಿರಲಿಲ್ಲ.

ಉಪ್ಪಳ್ಳಿಯ ಬಾಡಿಗೆ ಮನೆಯಲ್ಲಿ
ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟೆ, ಹತ್ತೇ ನಿಮಿಷ,
ಜಾಸ್ತಿ ತಣಿದರೆ ಅದಕ್ಕೂ ಮೂಗು ಕಟ್ಟುತ್ತದೆ.
‘ಜೊತೆಗೆ ಚೀಸು ಇರಬೇಕಿತ್ತು’ ಅಂದೆ.
ದ್ಯಾವೀರಮ್ಮ ಡಬ್ಬಿ ತೆಗೆದು ಚಿಗಳಿ ಇಟ್ಟಳು.

ಕಾಫಿ ಲೋಟದಲ್ಲಿ ಎರಡು ಬೆರಳು ಸುರಿದೆ.
ಗುಟುಕರಿಸಿ ಕಣ್ಣು ಮುಚ್ಚಿದಳು.
ಔಷಧ ಅನ್ನುತ್ತಾಳೆ, ಖಾರ ಅನ್ನುತ್ತಾಳೆ,
ವಿವರಿಸಲು ಸಿದ್ಧನಾಗಿ ಕೂತಿದ್ದೆ.

‘ಸಲ್ಡಾನ ಸಾಹೇಬರು ತರಿಸ್ತಿದ್ದ ಕಂದು ಬಣ್ಣದ್ದು
ಇದಕ್ಕಿಂತ ಚೆಂದ’ ಅಂದಳು.
‘ಆಕ್ರೋಟದ ವಾಸನೆ ಬರ್ತಿತ್ತಲ್ಲ, ಅದು.
ಇದು ಎಳೇದು. ಇನ್ನೂ ಜಂಬ ಬಿಟ್ಟಿಲ್ಲ.’

ಲೋಟ ಕೆಳಗಿಟ್ಟೆ.

ಕ್ಲಬ್ಬಿನ ಹಿತ್ತಲ ತೊಟ್ಟಿ. ರಾತ್ರಿ ಹನ್ನೊಂದರ ಕೊರೆವ ನೀರು.
ಮೇಜಿನ ಸುತ್ತ ಬಳಸಿ, ಪ್ಯಾಂಟ್ರಿಯಲ್ಲಿ ನನ್ನ ದಾಟಿ
ಗ್ಲಾಸು ಕೊನೆಗೆ ತಲುಪುತ್ತಿದ್ದುದು
ತೊಳೆಯುವವಳ ಕೈಗೆ.

‘ನಾನು ಏನೂ ಬಿಡ್ತಿರಲಿಲ್ಲವಲ್ಲೇ?’

‘ಒಂದೊಂದು ಹನಿ ಬಿಡ್ತಿದ್ರಿ.
ನನಗೇ ಅಂತ ಅಂದ್ಕೊಂಡಿದ್ದೆ.’

ಹೌದು ಅನ್ನಲು ಬಾಯಿ ಬರಲಿಲ್ಲ,
ಅಲ್ಲ ಅನ್ನಲಿಕ್ಕೂ.
ಚಿಗಳಿ ಮುರಿದು ದೊಡ್ಡ ತುಂಡು ನನಗೆ ಕೊಟ್ಟಳು.

ಅವಳು ಕೂತಿದ್ದುದು ನನ್ನ ಬಲಕ್ಕೆ.
ಎದ್ದೆ, ಚಾಪೆಯ ಆಚೆ ಬದಿಗೆ ಹೋಗಿ ಕೂತು
ಬಾಟಲಿ ಕೈಗೆತ್ತಿಕೊಂಡೆ.